ವಿಧಿಯೂ ಅರ್ಥವಾದವೂ: ವಿಮಾನಶಿಕ್ಷಕನ ನೇಮಕಪತ್ರದ ಒಂದು ವಿಮರ್ಶೆ

ಕಾವ್ಯನಾಟಕಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಒಂದು ನೇಮಕಪತ್ರವನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅನುಚಿತವೆಂದು ಕೆಲವರಿಗೆ ತೋರಬಹುದು. ಆದರೆ ಗದ್ಯವೆಂಬುದು ಕಾದಂಬರಿಯಲ್ಲಿ ಮಾತ್ರ ಇರತಕ್ಕದ್ದಲ್ಲ. ನಮ್ಮ ಕಾಲೇಜುಗಳಿಂದ ಹೊರಬಿದ್ದ ತರುಣನು ಅತ್ಯಂತ ಆಸೆಯಿಂದ ಓದುವ ಗದ್ಯ, ಆದುದರಿಂದಲೇ ಅತ್ಯಂತ ಅಜಾಗರೂಕತೆಯಿಂದ ಓದುವ ಗದ್ಯ, ಅವನ ಕೈಗೆ ಬಂದ ಮೊದಲ ನೇಮಕಪತ್ರವೇ ಆಗಿರುತ್ತದೆ. ಇಲ್ಲಿ ಉದಾಹರಣೆಗಾಗಿ ಆರಿಸಿಕೊಂಡಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದ ವಿಮಾನಶಾಲೆಗಳು ತಮ್ಮ ಶಿಕ್ಷಕರಿಗೆ ಬರೆಯುವ ಪತ್ರದ ಸಾಮಾನ್ಯ ರೂಪ. ಇದು ದೂರದ ವಿಷಯವಾದರೂ ನಮಗೆ ತೀರ ಸಂಬಂಧವಿಲ್ಲದ್ದಲ್ಲ. ಫ್ಲಾರಿಡಾ, ಟೆಕ್ಸಾಸ್, ಅರಿಜೋನಗಳ ಶಾಲೆಗಳಿಗೆ ಹಾರಾಟ ಕಲಿಯಲು ನಮ್ಮ ನಾಡಿನ ಮಕ್ಕಳೂ ಹೋಗುತ್ತಾರೆ. ಆ ಶಿಕ್ಷಕನ ಪಕ್ಕದ ಆಸನದಲ್ಲಿ ಕುಳಿತುಕೊಳ್ಳುವವರು ಅವರೇ.

ಇಂತಹ ಪತ್ರವನ್ನು ಓದುವುದಕ್ಕೆ ನಮ್ಮ ಮೀಮಾಂಸಕರು ಮಾಡಿಕೊಟ್ಟ ಒಂದು ವಿಭಾಗಕ್ಕಿಂತ ಉತ್ತಮವಾದ ಸಾಧನವನ್ನು ನಾನು ಕಾಣೆ. ವೇದವಾಕ್ಯಗಳಲ್ಲಿ ಇಂಥದನ್ನು ಮಾಡತಕ್ಕದ್ದೆಂದು ಕಟ್ಟಳೆ ಮಾಡುವುದು ವಿಧಿ. ವಿಹಿತವಾದುದನ್ನು ಕೊಂಡಾಡಿ ರುಚಿ ಹುಟ್ಟಿಸುವುದು ಅರ್ಥವಾದ. ವಾಯುವು ಎಲ್ಲರಿಗಿಂತ ಶೀಘ್ರಗಾಮಿಯಾದ ದೇವತೆಯೆಂಬ ಮಾತನ್ನೇ ಅವರು ಅರ್ಥವಾದಕ್ಕೆ ನಿದರ್ಶನವಾಗಿ ಕೊಡುವುದು ವಾಡಿಕೆ. ನಮ್ಮ ವಿಷಯಕ್ಕೆ ಅದು ತಾನಾಗಿಯೇ ಹೊಂದಿಕೊಂಡಿದೆ. ಅರ್ಥವಾದವು ಸುಳ್ಳೆಂದು ಮೀಮಾಂಸಕರು ಹೇಳಲಿಲ್ಲ. ವಿಧಿಯೊಡನೆ ಸೇರಿ ಒಂದೇ ವಾಕ್ಯವಾಗಿ ನಿಲ್ಲದ ಹೊರತು ಅದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ ಎಂದಷ್ಟೇ ಹೇಳಿದರು. ನೇಮಕಪತ್ರದಲ್ಲಿ ಯಾವ ವಾಕ್ಯವು ಮಾಲೀಕನನ್ನು ಕಟ್ಟುತ್ತದೆಯೋ ಅದು ವಿಧಿ. ‘ಆಕರ್ಷಕ ವೇತನ’, ‘ಕುಟುಂಬದಂತಹ ವಾತಾವರಣ’, ‘ತಿಂಗಳಿಗೆ ನೂರು ಗಂಟೆಯವರೆಗೆ ಹಾರಾಟ’ ಇವೆಲ್ಲ ಅರ್ಥವಾದ. ಕೊನೆಯದರಲ್ಲಿ ಅಂಕಿಯೊಂದು ಇರುವುದರಿಂದ ಅದು ವಿಧಿಯಂತೆ ಭಾಸವಾಗುತ್ತದೆ. ಆದರೆ ‘ವರೆಗೆ’ ಎಂಬ ಪ್ರತ್ಯಯವು ಸೊನ್ನೆಯನ್ನೂ ಒಳಗೊಳ್ಳುವಷ್ಟು ಉದಾರವಾದುದು. ಈ ಪತ್ರಗಳ ಇನ್ನೊಂದು ಲಕ್ಷಣವನ್ನೂ ಗಮನಿಸಬೇಕು: ಸ್ತುತಿಯೆಲ್ಲ ಮಾಲೀಕನ ಕಡೆಗೂ ಕಟ್ಟಳೆಯೆಲ್ಲ ನೌಕರನ ಕಡೆಗೂ ಬಿದ್ದಿರುತ್ತವೆ. ಬೇರೆ ಕಡೆ ಪಾಠ ಹೇಳಕೂಡದು, ಅವಧಿಗೆ ಮುಂಚೆ ಬಿಟ್ಟರೆ ತರಬೇತಿಯ ಖರ್ಚನ್ನು ಹಿಂದಿರುಗಿಸತಕ್ಕದ್ದು ಎಂಬಂತಹ ಸ್ಫುಟವಾದ ವಿಧಿಗಳು ಕಡೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ದೊರೆಯುತ್ತವೆ.

ಈಗ ಪತ್ರದ ಹೃದಯವಾದ ಗಂಟೆಯ ದರಕ್ಕೆ ಬರೋಣ. ಗಂಟೆಯೆಂದರೆ ಅರವತ್ತು ನಿಮಿಷವೆಂಬುದು ಲೋಕರೂಢಿ. ವಿಮಾನಶಾಲೆಯಲ್ಲಿ ಅನೇಕ ವೇಳೆ ಗಂಟೆಯೆಂದರೆ ಹಾಬ್ಸ್ ಮೀಟರು ತೋರಿಸಿದ್ದು. ವಿಮಾನವು ಚಾಲೂ ಇರುವಷ್ಟು ಹೊತ್ತು ಮಾತ್ರ ತಿರುಗಿ, ಗಂಟೆಯ ಹತ್ತನೆಯ ಒಂದು ಭಾಗಗಳಲ್ಲಿ ಲೆಕ್ಕವಿಡುವ ಯಂತ್ರವದು. ಹವೆಯ ವರದಿಯನ್ನು ಓದಿ ಇಂದು ಹಾರಬೇಕೆ ಬೇಡವೆ ಎಂದು ನಿರ್ಣಯಿಸುವುದು, ವಿದ್ಯಾರ್ಥಿಯೊಡನೆ ವಿಮಾನವನ್ನು ಸುತ್ತಿ ಪರೀಕ್ಷಿಸುವುದು, ಇಳಿದ ಮೇಲೆ ಅವನ ತಪ್ಪನ್ನು ತಿಳಿಯಹೇಳುವುದು, ಇವು ಯಾವುವೂ ಆ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಹಾರಾಟವನ್ನು ಬಲ್ಲ ಯಾರನ್ನು ಕೇಳಿದರೂ ಬೋಧನೆಯ ಬಹುಪಾಲು ನೆಲದ ಮೇಲೆಯೇ ನಡೆಯುತ್ತದೆ ಎನ್ನುತ್ತಾರೆ. ಗರ್ಜಿಸುವ ಎಂಜಿನಿನ ಹಿಂದೆ ಕುಳಿತು ಯಾರಿಗಾದರೂ ಏನನ್ನಾದರೂ ಸಾವಧಾನವಾಗಿ ವಿವರಿಸುವುದು ಸುಲಭವಲ್ಲ. ಹೀಗೆ, ಕಲಿಸುವ ಹೊತ್ತಿಗೆ ಕೂಲಿಯಿಲ್ಲ, ಕಲಿಸುವುದು ಕಷ್ಟವಾದ ಹೊತ್ತಿಗೆ ಕೂಲಿಯಿದೆ. ನೆಲದ ಪಾಠಕ್ಕೂ ಹಣ ಕೊಡುವ ಶಾಲೆಗಳಿಲ್ಲದೆ ಇಲ್ಲ; ಅಂತಹ ಕಡೆ ಆ ಮಾತು ಪತ್ರದಲ್ಲಿಯೇ ಬರೆದಿರತಕ್ಕದ್ದು.

ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ಮೊದಲನೆಯ ಶಾಲೆಯು ಹಾರಾಟದ ಗಂಟೆಗೆ 35 ಡಾಲರು ಕೊಡುವುದಾಗಿಯೂ, ಎರಡನೆಯದು ಹಾಜರಿಯ ಪ್ರತಿ ಗಂಟೆಗೂ 20 ಡಾಲರಿನಂತೆ ವಾರಕ್ಕೆ 40 ಗಂಟೆಯ ಹೊಣೆ ಹೊರುವುದಾಗಿಯೂ ಬರೆದಿವೆಯೆನ್ನಿ. ತರುಣನ ಕಣ್ಣು 35ರ ಮೇಲೆ ನಿಲ್ಲುವುದು ಸಹಜ. ಆದರೆ ಮೊದಲನೆಯ ಕಡೆ ಮಳೆ ಮೋಡ ದುರಸ್ತಿಗಳನ್ನು ಕಳೆದು ವಾರಕ್ಕೆ 18 ಗಂಟೆ ಹಾರಾಟ ದೊರೆತರೆ ಸಿಕ್ಕುವುದು 630 ಡಾಲರು. ಅದಕ್ಕಾಗಿ ಅವನು ನಿಲ್ದಾಣದಲ್ಲಿ ಕಳೆದದ್ದು 45 ಗಂಟೆಯಾದರೆ ನಿಜವಾದ ದರ 14 ಡಾಲರು. ಎರಡನೆಯದರಲ್ಲಿ 800 ಡಾಲರು ಖಂಡಿತ. ಇದಲ್ಲದೆ ಮೊದಲನೆಯ ಪತ್ರವು ಅವನನ್ನು ನೌಕರನೆಂದು ಕರೆಯದೆ ಸ್ವತಂತ್ರ ಗುತ್ತಿಗೆದಾರನೆಂದು ಕರೆದಿದ್ದರೆ, ಸಾಮಾಜಿಕ ಭದ್ರತೆ ಮತ್ತು ಮೆಡಿಕೇರುಗಳ ತೆರಿಗೆಯಲ್ಲಿ ಮಾಲೀಕನು ತೆರಬೇಕಾಗಿದ್ದ ಅರ್ಧವೂ ಅವನ ತಲೆಯ ಮೇಲೆಯೇ ಬಂದು ಒಟ್ಟು ದರ ಶೇಕಡ 15.3 ಆಗುತ್ತದೆ. ಒಂದು ಪದದ ಬೆಲೆ ಇಷ್ಟೆಂದು ಅಲಂಕಾರಶಾಸ್ತ್ರದಲ್ಲಿಯೂ ಇಷ್ಟು ಖಚಿತವಾಗಿ ಹೇಳಿಲ್ಲ.

ಪದದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಕನಿಷ್ಠ ವೇತನವನ್ನೂ ಹೆಚ್ಚುವರಿ ದುಡಿಮೆಯ ಕೂಲಿಯನ್ನೂ ಕಾಪಾಡುವ ಅಮೆರಿಕದ 1938ರ ಕಾನೂನು ಕೆಲವು ವೃತ್ತಿಗಳವರನ್ನು ತನ್ನ ರಕ್ಷಣೆಯಿಂದ ಹೊರಗಿಡುತ್ತದೆ. ಅವರಲ್ಲಿ ಉಪಾಧ್ಯಾಯರೂ ಒಬ್ಬರು. ಉಪಾಧ್ಯಾಯರೆಂದರೆ ಯಾರೆಂದು ವಿವರಿಸುವ ನಿಯಮದಲ್ಲಿ ವಿಮಾನಶಿಕ್ಷಕನ ಹೆಸರು ಸ್ಪಷ್ಟವಾಗಿ ಬಂದಿದೆ. ಅವನ ಶಾಲೆಯು ಶಿಕ್ಷಣಸಂಸ್ಥೆಯೆನಿಸಿಕೊಂಡರೆ ಸಾಕು, ಅವನು ಗುರುಪೀಠಕ್ಕೆ ಏರುತ್ತಾನೆ, ಆ ಏರಿಕೆಯಿಂದಲೇ ಕೂಲಿಕಾರನಿಗಿರುವ ರಕ್ಷಣೆಯನ್ನು ಕಳೆದುಕೊಳ್ಳುತ್ತಾನೆ. ಗೌರವವನ್ನು ಹೀಗೆ ಸಂಬಳದಲ್ಲಿ ಮುರಿದುಕೊಳ್ಳುವ ಪದ್ಧತಿ ಉಪಾಧ್ಯಾಯ ವೃತ್ತಿಯವರಾದ ನಮಗೆ ಅಪರಿಚಿತವೇನೂ ಅಲ್ಲ.

ಹೀಗಿದ್ದರೂ ಮೊದಲನೆಯ ಪತ್ರವನ್ನು ಆರಿಸಿಕೊಳ್ಳುವವನು ಮೂರ್ಖನೆಂದು ಹೇಳುವಂತಿಲ್ಲ. ಅವನಿಗೆ ಎರಡು ನಾಣ್ಯಗಳಲ್ಲಿ ವೇತನ ಸಲ್ಲುತ್ತದೆ. ಒಂದು ಡಾಲರು, ಇನ್ನೊಂದು ಅವನ ಹಾರಾಟದ ದಿನಚರಿಯಲ್ಲಿ ಬರೆಯಲ್ಪಡುವ ಗಂಟೆ. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ 2009ನೆಯ ಫೆಬ್ರವರಿ 12ಕ್ಕೆ ಹೋಗಬೇಕು. ಅಂದು ರಾತ್ರಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನವೊಂದು ನ್ಯೂಯಾರ್ಕ್ ಪ್ರಾಂತದ ಬಫಲೋ ನಗರದ ಬಳಿ ಬಿದ್ದು 50 ಮಂದಿ ಸತ್ತರು. ಆಮೇಲೆ 2010ರಲ್ಲಿ ಆದ ಕಾನೂನಿನ ಫಲವಾಗಿ 2013ರಿಂದ ಪ್ರಯಾಣಿಕ ವಿಮಾನಸಂಸ್ಥೆಗಳ ಸಹಚಾಲಕನಿಗೂ ಸಾಮಾನ್ಯವಾಗಿ 1500 ಗಂಟೆಗಳ ಅನುಭವ ಬೇಕಾಯಿತು. ಅದಕ್ಕೆ ಮೊದಲು 250 ಗಂಟೆಯ ವಾಣಿಜ್ಯ ಪರವಾನೆಯಿಂದಲೇ ಆ ಕೆಲಸ ದೊರೆಯಬಹುದಾಗಿತ್ತು. ವಿಮಾನಶಾಸ್ತ್ರದಲ್ಲಿ ಪದವಿ ಪಡೆದವರಿಗೆ 1000 ಗಂಟೆ ಸಾಕೆಂಬ ರಿಯಾಯಿತಿಯುಂಟು. ಬಿದ್ದ ವಿಮಾನದ ಚಾಲಕರಿಬ್ಬರಿಗೂ 1500ಕ್ಕಿಂತ ಹೆಚ್ಚು ಗಂಟೆಗಳ ಅನುಭವವಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅದೇನೇ ಇರಲಿ, ಈ ನಡುವಣ ಸಾವಿರ ಚಿಲ್ಲರೆ ಗಂಟೆಗಳನ್ನು ಸ್ವಂತ ಖರ್ಚಿಲ್ಲದೆ ಗಳಿಸುವುದಕ್ಕೆ ಇರುವ ಬಳಕೆಯ ದಾರಿ ಇತರರಿಗೆ ಕಲಿಸುವುದು. 2022ರಲ್ಲಿ ಪ್ರಾದೇಶಿಕ ವಿಮಾನಸಂಸ್ಥೆಗಳು ಹೊಸ ಚಾಲಕರ ಸಂಬಳವನ್ನು ಬಹುವಾಗಿ ಏರಿಸಿದ ಮೇಲೆ ಆ ದಾರಿಯ ಕೊನೆ ಇನ್ನಷ್ಟು ಪ್ರಕಾಶಮಾನವಾಯಿತು. ನಮ್ಮ ಲೆಕ್ಕದಲ್ಲಿ 300 ಗಂಟೆಯಿಂದ ಹೊರಟವನಿಗೆ ವಾರಕ್ಕೆ 18 ಗಂಟೆಯಂತೆ 67 ವಾರ ಹಿಡಿದರೆ, ಎರಡನೆಯ ಶಾಲೆಯಲ್ಲಿ ವಾರಕ್ಕೆ 14 ಗಂಟೆಯೇ ದೊರೆಯುವುದಾದರೆ 86 ವಾರ ಹಿಡಿಯುತ್ತದೆ. ಹತ್ತೊಂಬತ್ತು ವಾರ ಮುಂಚೆ ಹೊರಟುಹೋಗುವ ಅನುಕೂಲವೋ, ಇರುವಷ್ಟು ಕಾಲ ವಾರಕ್ಕೆ 170 ಡಾಲರು ಹೆಚ್ಚೋ, ಇದನ್ನು ಅವನೇ ತೂಗಿ ನೋಡಬೇಕು. ಸಾಲ ಮಾಡಿ ಕಲಿತವನ ತಕ್ಕಡಿ ಬೇರೆ, ಮನೆಯಲ್ಲಿ ಮಗುವಿರುವವನ ತಕ್ಕಡಿ ಬೇರೆ.

ಆದರೆ ವಿಮರ್ಶಕನು ನೋಡಬೇಕಾದುದು ಇನ್ನೊಂದಿದೆ. ಈ ಎರಡನೆಯ ನಾಣ್ಯವನ್ನು ಟಂಕಿಸುವವನು ಮಾಲೀಕನಲ್ಲ. ವಿಮಾನದ ಬಾಡಿಗೆಯನ್ನೂ ಶಿಕ್ಷಕನ ಶುಲ್ಕವನ್ನೂ ತೆರುವವನು ವಿದ್ಯಾರ್ಥಿ. ಆ ಒಂದೇ ಗಂಟೆಯನ್ನು ಶಿಷ್ಯನು ಕಲಿತ ಹೊತ್ತೆಂದು ತನ್ನ ಪುಸ್ತಕದಲ್ಲಿ ಬರೆದುಕೊಂಡರೆ, ಶಿಕ್ಷಕನು ತಾನೇ ಮುಖ್ಯ ಚಾಲಕನಾಗಿದ್ದ ಹೊತ್ತೆಂದು ತನ್ನದರಲ್ಲಿ ಬರೆದುಕೊಳ್ಳುತ್ತಾನೆ. ನಿಯಮವೇ ಅದಕ್ಕೆ ಎಡೆಕೊಟ್ಟಿದೆ. ಶಾಲೆಯು ‘ಗಂಟೆಗಳು ಬೇಗ ಕೂಡುತ್ತವೆ’ ಎಂದು ಪತ್ರದಲ್ಲಿ ಬರೆಯುವಾಗ ಅದು ಬೇರೊಬ್ಬನ ಹಣದಿಂದ ದಾನ ಮಾಡುತ್ತಿರುತ್ತದೆ. ಹೀಗಾದ ಮೇಲೆ, ಹತ್ತು ಗಂಟೆಯಲ್ಲಿ ಕಲಿಯಬಹುದಾದ ಶಿಷ್ಯನು ಹದಿನೈದು ಗಂಟೆ ತೆಗೆದುಕೊಂಡರೆ ಶಿಕ್ಷಕನಿಗೆ ಎರಡೂ ನಾಣ್ಯಗಳಲ್ಲಿ ಲಾಭವೇ. ಈ ಆಸೆಗೆ ಬಲಿಯಾಗದ ಶಿಕ್ಷಕರು ಬಹಳ ಮಂದಿ ಇರುತ್ತಾರೆಂದು ನಂಬುತ್ತೇನೆ. ಆದರೂ ಅವರ ಸತ್ಯಸಂಧತೆಯು ಪತ್ರದ ಬಲದಿಂದ ಉಳಿದುದಲ್ಲ, ಪತ್ರದ ಹೊರತಾಗಿಯೂ ಉಳಿದುದು.

ಕಾಳಿದಾಸನ ಮಾಳವಿಕಾಗ್ನಿಮಿತ್ರದ ಮೊದಲ ಅಂಕದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ಜಗಳವಾಡಿಕೊಂಡು ರಾಜನ ಮುಂದೆ ಬರುತ್ತಾರೆ. ಇವರಿಗೆ ಸುಮ್ಮನೆ ಸಂಬಳ ಕೊಡುವುದೇಕೆ, ಕಾದಾಟವನ್ನಾದರೂ ನೋಡೋಣವೆಂದು ವಿದೂಷಕನು ಕೊಂಕು ಆಡುತ್ತಾನೆ. ಜೀವನಕ್ಕಾಗಿ ಮಾತ್ರ ವಿದ್ಯೆಯನ್ನಿಟ್ಟುಕೊಂಡವನು ಜ್ಞಾನದ ವರ್ತಕನೆಂದು ಗಣದಾಸನು ಅಭಿಮಾನದಿಂದ ನುಡಿಯುವುದೂ ಅಲ್ಲಿಯೇ. ಆದರೆ ಅವನು ಸಂಬಳ ಪಡೆಯುವವನೇ. ಈ ಶ್ಲೋಕವನ್ನು ಉಪಾಧ್ಯಾಯರ ಮೇಲೆ ಪ್ರಯೋಗಿಸುವವರು ಅದನ್ನು ಮರೆಯುತ್ತಾರೆ. ಪರಿವ್ರಾಜಿಕೆ ಕೌಶಿಕಿಯ ತೀರ್ಪು ಇದಕ್ಕಿಂತ ವಿವೇಕದ್ದು: ಆಚಾರ್ಯರಿಬ್ಬರ ತಾರತಮ್ಯವನ್ನು ಅವರವರ ಶಿಷ್ಯೆಯರ ಪ್ರಯೋಗದಲ್ಲಿ ನೋಡಬೇಕೆನ್ನುತ್ತಾಳೆ. ಅಮೆರಿಕದ ವಿಮಾನಯಾನ ಇಲಾಖೆಯೂ ಇಂಥದೇ ಒಂದು ಪರೀಕ್ಷೆಯನ್ನು ಇಟ್ಟುಕೊಂಡಿದೆ. ತಾನು ಸಿದ್ಧಪಡಿಸಿ ಕಳುಹಿಸಿದ ಕನಿಷ್ಠ 10 ಮಂದಿಯಲ್ಲಿ ಶೇಕಡ 80 ಮಂದಿ ಮೊದಲ ಸಲವೇ ತೇರ್ಗಡೆಯಾದರೆ ಶಿಕ್ಷಕನ ಪ್ರಮಾಣಪತ್ರಕ್ಕೆ ಸುವರ್ಣಮುದ್ರೆ ದೊರೆಯಬಹುದು. ಎರಡು ಪತ್ರಗಳು ಕೈಯಲ್ಲಿರುವ ತರುಣನು ಆ ಮುದ್ರೆಗೆ ಗಂಟೆಯ ದರದಲ್ಲಿ ಒಂದು ಡಾಲರಾದರೂ ಏರಿಕೆಯಿದೆಯೇ ಎಂದು ಹುಡುಕಿ ನೋಡಲಿ. ಇಲ್ಲವಾದರೆ, ತಾನು ಬರುವ ಮೊದಲು ಈ ಶಾಲೆಯ ಒಬ್ಬ ವಿದ್ಯಾರ್ಥಿಯು ತನ್ನ ಪರವಾನೆಯವರೆಗೆ ಎಷ್ಟು ಮಂದಿ ಶಿಕ್ಷಕರ ಕೈ ದಾಟಿದನೆಂದು ಬರೆದು ಕೇಳಲಿ; ಪ್ರತಿಯೊಬ್ಬ ಹೊಸ ಶಿಕ್ಷಕನೂ ಮೊದಲ ಕೆಲವು ಗಂಟೆಗಳನ್ನು ಹಿಂದಿನವನು ಏನು ಕಲಿಸಿದ್ದನೆಂದು ನೋಡುವುದರಲ್ಲಿಯೇ ಕಳೆಯುತ್ತಾನೆ, ಹಾಬ್ಸ್ ಮೀಟರು ಆ ಹೊತ್ತಿನಲ್ಲಿಯೂ ತಿರುಗುತ್ತಿರುತ್ತದೆ.