ಪಿ, ಪೌಂಡ್ ಚಿಹ್ನೆ ಮತ್ತು ಹಸಿರು ಟಿಕ್

ಸರ್ವರ್ ಮುಂದೆ ಕೂತು ಇಡೀ ಕಚೇರಿಗೆ ಒಂದೇ ಸಲ ಸಾಫ್ಟ್‌ವೇರ್ ಹಾಕುವುದು ಪ್ರಗತಿ, ಮೇಜಿನಿಂದ ಮೇಜಿಗೆ ಪೆನ್‌ಡ್ರೈವ್ ಹಿಡಿದು ಓಡಾಡುವುದು ಹಳೇ ಕಾಲದ್ದು. ಸಿಸ್ಟಂ ನೋಡಿಕೊಳ್ಳುವ ನಮ್ಮ ನಡುವೆ ಇದನ್ನು ಪ್ರಶ್ನಿಸುವವರು ಕಡಿಮೆ. ವಿಂಡೋಸ್ 2000ದ ಜೊತೆ ಇದಕ್ಕೆ ನೆರವಾಗುವ ಗ್ರೂಪ್ ಪಾಲಿಸಿ ಬಂದಾಗಿನಿಂದ ನಾನೂ ಅದನ್ನು ಬಳಸಿದ್ದೇನೆ, ಮನಸಾರೆ ಮೆಚ್ಚಿದ್ದೇನೆ. ಆದರೂ ಈ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ.

ಕನ್ಸೋಲಿನ ಹಸಿರು ಟಿಕ್‌ಗೆ ಇರುವ ಅರ್ಥ ಇಷ್ಟೇ: ಇನ್‌ಸ್ಟಾಲರ್ ಓಡಿತು, ಕೊನೆಗೆ ಸೊನ್ನೆ ಎಂಬ ಕೋಡ್ ಕೊಟ್ಟಿತು. ಯಂತ್ರದ ಮುಂದೆ ಕೂತವರ ಕೆಲಸ ನಡೆಯಿತೇ ಎಂಬುದು ಅದಕ್ಕೆ ತಿಳಿಯದು. ಕನ್ನಡದ ಕಚೇರಿಗಳಲ್ಲಿ ಇದು ಬೇಗ ಬಯಲಾಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಕನ್ನಡದ ರೂಪಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇಲ್ಲದಿದ್ದರೆ ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ಪಿಯಿಂದ ಶುರುವಾಗಿ, ನಡುವೆ ಪೌಂಡ್ ಚಿಹ್ನೆ ಹೊತ್ತು ನಿಲ್ಲುತ್ತದೆ.

ಒಂದು ಕಚೇರಿಯಲ್ಲಿ ಎಲ್ಲ ಯಂತ್ರಗಳಿಗೂ ಹಸಿರು ಟಿಕ್ ಬಿದ್ದಿತ್ತು. ವಿಷಯ ನಿರ್ವಾಹಕರೊಬ್ಬರು ರಜೆ ಹೋದರು, ಅವರ ಸೀಟಿನಲ್ಲಿ ಕೂತವರು ತಮ್ಮ ಹೆಸರಿನಲ್ಲಿ ಲಾಗಿನ್ ಆದರು. ಅಂದೇ ಹೊರಡಬೇಕಿದ್ದ ಸುತ್ತೋಲೆ ತೆರೆದರೆ ಪುಟದ ತುಂಬ ಪಿ ಮತ್ತು ಪೌಂಡ್. ಫಾಂಟ್ ಕೂತಿದ್ದದ್ದು ರಜೆ ಹೋದವರ ಪ್ರೊಫೈಲಿನಲ್ಲಿ ಮಾತ್ರ. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಹಾಗೆ ಒಬ್ಬರಿಗೆ ಮಾತ್ರ ಫಾಂಟ್ ಹಾಕಲು ಅಡ್ಮಿನ್ ಹಕ್ಕೂ ಬೇಕಿಲ್ಲ.

ತಪ್ಪು, ಫಾಂಟ್ ಹಾಕುವ ಸ್ಕ್ರಿಪ್ಟ್ ಬರೆದವರದು; ಪದ್ಧತಿಯನ್ನೇಕೆ ದೂರುತ್ತೀರಿ ಎನ್ನಬಹುದು. 500 ಯಂತ್ರಗಳಿಗೆ ಭದ್ರತಾ ಪ್ಯಾಚ್‌ಗಳನ್ನು ಕೈಯಾರೆ ಹಾಕಿ ಎಂದು ನಾನೂ ಹೇಳಲಾರೆ. ಆದರೆ ಆ ತಪ್ಪು ಸರ್ವರ್ ಕೋಣೆಯಲ್ಲಿ ಕೂತವರಿಗೆ ಕಾಣುವಂಥದ್ದಲ್ಲ, ಸೀಟಿನ ಮುಂದೆ ನಿಂತವರಿಗೆ ಒಂದೇ ನಿಮಿಷದಲ್ಲಿ ಕಾಣುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಓಡಾಟವನ್ನು ಬರೀ ಕೂಲಿ ಎಂದು ಲೆಕ್ಕ ಹಾಕಿದೆವು, ಅದರ ಜೊತೆ ಬರುತ್ತಿದ್ದ ತಿಳಿವಳಿಕೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಎಲ್ಲವೂ ದೂರದಿಂದಲೇ ಆಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. 2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ದೋಷದ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ಕೆಡಿಸಲು ದೂರದಿಂದಲೇ ಆಯಿತು. ರಿಪೇರಿಗೆ ಬಹಳ ಕಡೆ ಜನವೇ ಯಂತ್ರದ ಹತ್ತಿರ ಹೋಗಿ, ಸೇಫ್ ಮೋಡಿನಲ್ಲಿ ಆ ಫೈಲ್ ಅಳಿಸಬೇಕಾಯಿತು.

ಹಾಗಾಗಿ ಹೊಸ ಆವೃತ್ತಿ ಕಳಿಸುವ ಮೊದಲು ಪ್ರತಿ ಶಾಖೆಯಲ್ಲಿ ಒಬ್ಬರ ಪಕ್ಕ ಕೂತುಕೊಳ್ಳಿ. ಅವರದೇ ಹಳೆಯ ಕಡತ ತೆರೆಸಿ, ಒಂದು ಪ್ರಿಂಟ್ ತೆಗೆಸಿ, ಅವರೇ ಅದನ್ನು ಓದಿ ಸರಿಯಿದೆ ಎನ್ನಲಿ. ಆಮೇಲೆ ಉಳಿದವರಿಗೆ ಕಳಿಸಿ.