ಮೊದಲ ಅಕ್ಷರ ಅಲುಗದು

ಬೆಳಗಾವಿಯಿಂದ ವೆಂಗುರ್ಲಾ ರಸ್ತೆ ಹಿಡಿಯುವ ಬಸ್ಸಿನ ಬೋರ್ಡಿನಲ್ಲಿ ‘ಹಿಂಡಲಗಾ’ ಎಂದು ನಾಲ್ಕು ಅಕ್ಷರ ಇರುತ್ತವೆ. ಊರವರ ಬಾಯಲ್ಲಿ ಅದು ಮೂರೇ: ‘ಹಿಂಡಲ್ಗಾ’. ಮನೆಯಲ್ಲಿ ಮರಾಠಿ ಆಡುವವರೂ ಕನ್ನಡ ಆಡುವವರೂ ಅನ್ನುವುದು ಹೀಗೆಯೇ. ಇಂಗ್ಲಿಷಿನ ‘ಬೆಲ್ಗಾಂ’ನಲ್ಲಿ ಕಳೆದುಹೋಗಿದ್ದೂ ಇಂಥದೇ ನಡುವಿನ ಅಕಾರ; 2014ರ ನವೆಂಬರ್ 1ರಂದು ‘ಬೆಳಗಾವಿ’ ಅಧಿಕೃತವಾದಾಗ ಬರಹದಲ್ಲಿ ಅದು ಮರಳಿತು.

ನಮ್ಮ ಭಾಗದವರು ಅಕ್ಷರ ನುಂಗುತ್ತಾರೆ ಎಂಬ ದೂರು ಹಳೆಯದು. ನುಂಗುವುದು ನಿಜ, ಆದರೆ ಯಾವುದನ್ನು? ‘ಬರುತ್ತಾರೆ’ ನಮ್ಮಲ್ಲಿ ‘ಬರ್ತಾರ’, ‘ಹೇಳುತ್ತೇನೆ’ ಎಂಬುದು ‘ಹೇಳ್ತೇನಿ’. ಬಿದ್ದದ್ದು ನಡುವಿನ ಹ್ರಸ್ವ ಉಕಾರ. ‘ತಾ’, ‘ತೇ’ ಎಂಬ ದೀರ್ಘಗಳು ನಿಂತಿವೆ. ಮೊದಲ ಅಕ್ಷರವಂತೂ ಅಲುಗಿಲ್ಲ, ಏಕೆಂದರೆ ಕನ್ನಡದಲ್ಲಿ ಉಸಿರಿನ ಒತ್ತು, ಹಗುರವಾಗಿಯಾದರೂ, ಬೀಳುವುದು ಅಲ್ಲಿಯೇ. ಆ ಒತ್ತು ಅರ್ಥ ಬದಲಿಸುವುದಿಲ್ಲ. ಬದಲಿಸುವುದು ದೀರ್ಘ: ‘ಬಳಿ’ (ಬಳೆ) ಕೊಳ್ಳಲು ಹೋದವರು ‘ಬಾಳಿ’ ಅಂದರೆ ಕೈಗೆ ಬಾಳೆಹಣ್ಣು ಬರುತ್ತದೆ.

ಪೆರು, ಬೊಲಿವಿಯಾಗಳ ಬೆಟ್ಟದ ಜನರ ಕೆಚುವಾ ಭಾಷೆಯ ಪಕ್ಕದಲ್ಲಿಟ್ಟಾಗ ಮೊದಲ ಅಕ್ಷರದ ಈ ಒತ್ತಿನ ಚೆಲುವು ನನಗೆ ಇನ್ನೂ ಸ್ಪಷ್ಟವಾಯಿತು. ಅಲ್ಲಿ ಮನೆಗೆ ‘ವಸಿ’. (ನಮ್ಮ ‘ವಾಸ’ಕ್ಕೂ ಅದಕ್ಕೂ ನಂಟಿಲ್ಲ.) ಕುಸ್ಕೊ ಕಡೆಯ ಮಾತಿನಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರಕ್ಕೆ. ‘ವಸಿ’ಯಲ್ಲಿ ‘ವ’ ಗಟ್ಟಿ. ‘ವಸಿಕುನ’, ಅಂದರೆ ಮನೆಗಳು, ಎಂದೊಡನೆ ‘ಕು’ ಗಟ್ಟಿ. ‘ವಸಿಕುನಪಿ’, ಮನೆಗಳಲ್ಲಿ, ಎಂದಾಗ ‘ನ’. ಪ್ರತ್ಯಯ ಸೇರಿದ ಹಾಗೆ ಒತ್ತು ಬಲಕ್ಕೆ ಸರಿಯುತ್ತ ಹೋಗುತ್ತದೆ. ‘ಹೌದು’ ಎನ್ನುವ ‘ಅರಿ’ಯಂಥ ಕೆಲವು ಪದಗಳಲ್ಲಿ ಮಾತ್ರ ಕೊನೆಗೇ ಒತ್ತು.

ನಮ್ಮ ಮನಿ ನೋಡಿ: ಮನಿ, ಮನ್ಯಾಗ, ಮನ್ಯಾಗಿನವರು. ಬಾಲ ಎಷ್ಟೇ ಬೆಳೆದರೂ ‘ಮ’ ಜಾಗ ಬಿಡುವುದಿಲ್ಲ. ಎರಡೂ ಪ್ರತ್ಯಯ ಪೋಣಿಸುವ ಭಾಷೆಗಳೇ, ಆದರೆ ಭಾರ ಹೊರುವ ಬಗೆ ಬೇರೆ.

ದೂರದ ಭಾಷೆಗೂ ಆಡುಗನ್ನಡಕ್ಕೂ ಹೀಗೆ ಕಿವಿಗೊಟ್ಟವರು ಮೊದಲೂ ಇದ್ದರು. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಕರೂಕ್ ಭಾಷೆಯ ವ್ಯಾಕರಣವನ್ನು 1957ರಲ್ಲಿ ಪ್ರಕಟಿಸಿದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್, ಮರುವರ್ಷವೇ ಪುಣೆಯ ಡೆಕ್ಕನ್ ಕಾಲೇಜಿನಿಂದ ಆಡುಗನ್ನಡದ ರೂಪರೇಖೆಯನ್ನು ತಂದರು. ಎರಡನ್ನೂ ಅವರು ಒಂದೇ ಗೌರವದಿಂದ ಕಿವಿಗೊಟ್ಟು ಕೇಳಿದರು.

ಅದೇ ಗೌರವ ಮಕ್ಕಳ ಮಾತಿಗೂ ಸಿಗಲೆಂದು ಹಿಂಡಲಗಾ, ಖಾನಾಪುರ ಕಡೆಯ ಕನ್ನಡ ಶಾಲೆಗಳ ಗುರುಗಳಲ್ಲಿ ನನ್ನದೊಂದು ವಿನಂತಿ. ‘ಮನೆಯಲ್ಲಿ’ ಎಂದು ಬರೆಯಲು ಅವಶ್ಯ ಕಲಿಸಿರಿ. ಮಗು ‘ಮನ್ಯಾಗ’ ಅಂದಾಗ ತಪ್ಪು ಅನ್ನಬೇಡಿರಿ.