ಕೊಳವೆ ಬಂತು, ಎದುರು ಕೂತವರು ಬರಲಿಲ್ಲ

ಬಿಟಿಎಂ ಲೇಔಟಿನ ಉಡುಪಿ ಗಾರ್ಡನ್ ಸಿಗ್ನಲ್ಲಿನಿಂದ ಜೆ.ಪಿ. ನಗರದ ಮಿನಿ ಫಾರೆಸ್ಟಿನವರೆಗೆ, ಮೂವತ್ತರ ಆಸುಪಾಸಿನ ಯಾವ ಸಿಗರೇಟು ಸೇದುವವರನ್ನಾದರೂ ಮಾತಿಗೆಳೆದು ನೋಡಿ. ‘ಬಿಡಬೇಕು ಅಂತಿದ್ದೀನಿ’ ಅನ್ನುತ್ತಾರೆ. ಹೇಗೆ ಅಂದರೆ, ‘ಮೊದಲು ವೇಪ್‌ಗೆ ಬರ್ತೀನಿ, ಆಮೇಲೆ ಅದನ್ನೂ ಬಿಡ್ತೀನಿ’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ನಾನು ಹದಿನಾರು ವರ್ಷ ಸೇದಿ ಬಿಟ್ಟವನು ಎಂದು ಗೊತ್ತಾದವರು ಇನ್ನೊಂದು ಹೆಜ್ಜೆ ಮುಂದೆ ಬಂದು ಕೇಳುತ್ತಾರೆ: ‘ಮೊದಲ ಸಲಕ್ಕೆ ಯಾವುದು ತಗೊಂಡ್ರೆ ಒಳ್ಳೇದು ಸಾರ್?’

ಯಾವುದೂ ಬೇಡ ಎನ್ನುವುದೇ ನನ್ನ ಉತ್ತರ. ಆದರೆ ಅಷ್ಟು ಹೇಳಿ ಎದ್ದು ಹೋಗುವುದು ಕೇಳಿದವರಿಗೆ ಮಾಡುವ ಅನ್ಯಾಯ. ಸಿಗರೇಟು ಬಿಡಿಸುತ್ತದೆ ಎಂಬ ಹೆಸರು ವೇಪ್‌ಗೆ, ಅಂದರೆ ಇ-ಸಿಗರೇಟಿಗೆ ಇದೆ, ಆ ಹೆಸರಿಗೆ ಒಂದು ಆಧಾರವೂ ಇದೆ. ಆ ಆಧಾರವನ್ನೇ ಬಿಡಿಸಿ ನೋಡಬೇಕು.

ಕಾನೂನಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟಿನ ಮಾರಾಟ ನಿಲ್ಲಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು, ಡಿಸೆಂಬರಿನಲ್ಲಿ ಕಾಯ್ದೆ ಮಾಡಿತು. ತಯಾರಿ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರಿ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇಷ್ಟಿದ್ದರೂ ಸಿಗುತ್ತದೆ. ಸಿಗುವುದನ್ನು ಸಮರ್ಥಿಸಲು ಜನ ಕೊನೆಗೆ ಎತ್ತುವ ತುರುಫಿನೆಲೆ ಒಂದೇ: ಲಂಡನ್ನಿನ ಸಂಶೋಧನೆ.

ಅದು ಪೀಟರ್ ಹಾಜೆಕ್ ಮತ್ತು ಜೊತೆಯವರು ನಡೆಸಿದ ಪ್ರಯೋಗ. 2019ರ ಫೆಬ್ರವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಸಿಗರೇಟು ಬಿಡಲು ನೆರವು ಕೇಳಿ ಬ್ರಿಟನ್ನಿನ ಸರ್ಕಾರಿ ಕೇಂದ್ರಗಳಿಗೆ ಬಂದ 886 ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇ-ಸಿಗರೇಟು. ಇನ್ನೊಂದಕ್ಕೆ ನಿಕೋಟಿನ್ ಗಮ್, ಪಟ್ಟಿ ಇಂಥವುಗಳಲ್ಲಿ ಅವರವರು ಆರಿಸಿಕೊಂಡದ್ದು. ವರ್ಷ ಕಳೆದ ಮೇಲೆ ಸಿಗರೇಟಿನಿಂದ ದೂರ ಉಳಿದವರು ಮೊದಲ ಪಾಲಿನಲ್ಲಿ ಶೇ. 18, ಎರಡನೆಯದರಲ್ಲಿ ಶೇ. 9.9. ‘ಹೆಚ್ಚುಕಮ್ಮಿ ಎರಡು ಪಟ್ಟು’ ಎಂಬ ಮಾತು ಅಲ್ಲಿಂದ ಹೊರಟು ನಮ್ಮ ಕೋರಮಂಗಲ, ಜಯನಗರದ ಕೆಫೆ ಮೇಜುಗಳವರೆಗೆ ಬಂದಿದೆ. ಪ್ರಯೋಗ ಪ್ರಾಮಾಣಿಕವಾದದ್ದು. ಬಿಟ್ಟಿದ್ದೇನೆ ಎಂದವರ ಬಾಯಿಮಾತನ್ನು ನಂಬದೆ, ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಳೆದೇ ಲೆಕ್ಕಕ್ಕೆ ತೆಗೆದುಕೊಂಡರು. ಇ-ಸಿಗರೇಟಿನ ಪಾಲಿನವರಲ್ಲಿ ಕೆಮ್ಮು, ಕಫ ಹೆಚ್ಚು ಇಳಿದದ್ದೂ ನಿಜ. ಇದನ್ನು ಮುಚ್ಚಿಟ್ಟು ವಾದ ಮಾಡುವ ಅಗತ್ಯ ನನಗಿಲ್ಲ.

ಆದರೆ ಆ ಹದಿನೆಂಟರ ಒಳಗೆ ಇಳಿಯೋಣ. ವರ್ಷದ ಕೊನೆಗೆ ಸಿಗರೇಟು ಬಿಟ್ಟು ನಿಂತವರು 79 ಜನ. ಅವರಲ್ಲಿ 63 ಜನರ ಕೈಯಲ್ಲಿ ಇ-ಸಿಗರೇಟು ಇನ್ನೂ ಇತ್ತು. ಗಮ್ ಪಟ್ಟಿಗಳ ಪಾಲಿನಲ್ಲಿ ಬಿಟ್ಟವರು 44. ಅವರಲ್ಲಿ ವರ್ಷದ ನಂತರವೂ ಗಮ್ಮೋ ಪಟ್ಟಿಯೋ ಬೇಕಾಗಿದ್ದವರು 4. ಸಂಶೋಧಕರಿಗೆ ಇದು ಸೋಲಲ್ಲ, ಅವರು ಕೇಳಿದ ಪ್ರಶ್ನೆ ಸಿಗರೇಟಿನದು ಮಾತ್ರ. ನಮ್ಮ ಹುಡುಗರು ಕೇಳುತ್ತಿರುವುದು ಬೇರೆ: ‘ಆಮೇಲೆ ಅದನ್ನೂ ಬಿಡ್ತೀನಿ’. ಆ ಎರಡನೆಯ ‘ಬಿಡ್ತೀನಿ’ಗೆ ಲಂಡನ್ನಿನಲ್ಲಿ ಯಾವ ಭರವಸೆಯೂ ಸಿಗುವುದಿಲ್ಲ. ಕನ್ನಡದ ‘ಬಿಡು’ ದೊಡ್ಡ ಕ್ರಿಯಾಪದ. ಹೊಗೆ ಬಿಡುವುದಕ್ಕೂ ಅದೇ, ಚಟ ಬಿಡುವುದಕ್ಕೂ ಅದೇ. ಐದರಲ್ಲಿ ನಾಲ್ವರು ಬೂದಿ, ಬೆಂಕಿ ಬಿಟ್ಟರು. ಚಟ ಹಾಗೇ ಉಳಿಯಿತು. ಇಷ್ಟನ್ನು ತಿಳಿದೇ ಒಪ್ಪಿಕೊಂಡವರ ಜೊತೆ ನನಗೆ ಜಗಳವಿಲ್ಲ. ತಿಳಿಸದೆ ಒಪ್ಪಿಸುವವರ ಜೊತೆ ಇದೆ.

ಇನ್ನೂ ಮುಖ್ಯವಾದದ್ದು ಪ್ರಯೋಗದ ವಿಧಾನದ ಭಾಗದಲ್ಲಿದೆ. ಎರಡು ಪಟ್ಟಿನ ಮಾತಾಡುವವರು ಯಾರೂ ಅದನ್ನು ಎತ್ತುವುದಿಲ್ಲ. ಎರಡೂ ಪಾಲಿನವರಿಗೆ ಕನಿಷ್ಠ ನಾಲ್ಕು ವಾರ, ವಾರಕ್ಕೊಮ್ಮೆ, ಒಬ್ಬರು ಎದುರು ಕೂತು ಮಾತಾಡಿದರು. ಬಿಡುವ ದಿನ ಗೊತ್ತುಮಾಡಿದರು. ಕೊಟ್ಟ ಸಾಧನವನ್ನು ಬಳಸುವುದು ಹೇಗೆ ಎಂದು ತೋರಿಸಿಕೊಟ್ಟರು. ಇಂಥ ಯಾವ ನೆರವೂ ಇಲ್ಲದೆ ಒಂಟಿಯಾಗಿ ಬಿಡಲು ಹೊರಟವರಲ್ಲಿ ಆರು ತಿಂಗಳಿಂದ ವರ್ಷ ನಿಲ್ಲುವವರು ನೂರಕ್ಕೆ ಮೂರರಿಂದ ಐದು ಜನ ಎನ್ನುವುದು ಈ ಕ್ಷೇತ್ರದವರೆಲ್ಲ ಒಪ್ಪಿದ ಅಂದಾಜು. ಅಂದರೆ ಆ ಪ್ರಯೋಗದ ‘ಸೋತ’ ಪಾಲು ಕೂಡ ಒಂಟಿಯಾಗಿ ಹೊರಟವರಿಗಿಂತ ಎಷ್ಟೋ ಮುಂದೆ ಇತ್ತು. ಎರಡು ಪಾಲಿಗೂ ಸಮಾನವಾಗಿದ್ದದ್ದು ಆ ಎದುರಿನ ಕುರ್ಚಿ. ನಮ್ಮಲ್ಲಿಗೆ ಇ-ಸಿಗರೇಟಿನ ಕೊಳವೆ ಬಂತು. ಕುರ್ಚಿಯಲ್ಲಿ ಕೂತವರು ಬರಲಿಲ್ಲ.

ಬಂದ ಕೊಳವೆಯೂ ಅದಲ್ಲ. ಪ್ರಯೋಗದಲ್ಲಿ ಕೊಟ್ಟದ್ದು ಮತ್ತೆ ಮತ್ತೆ ತುಂಬಿಸಿಕೊಳ್ಳುವ ಸಾಧನ, ಜೊತೆಗೆ ಮಿಲಿಲೀಟರಿಗೆ 18 ಮಿಲಿಗ್ರಾಂ ನಿಕೋಟಿನ್ ಇರುವ ಒಂದು ಬಾಟಲಿ ದ್ರವ. ಹೋದ ವರ್ಷ ಬಿಟಿಎಂನಲ್ಲಿ ಗೆಳೆಯನೊಬ್ಬ ಮೇಜಿನ ಮೇಲೆ ಇಟ್ಟದ್ದನ್ನು ಕೈಗೆತ್ತಿಕೊಂಡು ನೋಡಿದೆ. ಗುಲಾಬಿ ಬಣ್ಣ, ದುಂಡಗಿನ ತುದಿ, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಡಬ್ಬಿಯ ಮೇಲೆ ಹಣ್ಣಿನ ಚಿತ್ರ, ಪಕ್ಕದಲ್ಲಿ ‘5%’. ಅಂದರೆ ಮಿಲಿಲೀಟರಿಗೆ 50 ಮಿಲಿಗ್ರಾಂ. ಯುರೋಪಿನ ಕಾನೂನು ಒಪ್ಪುವ ಮಿತಿ 20. ಅಷ್ಟು ಸಾಂದ್ರವಾದದ್ದು ಗಂಟಲಿಗೆ ಚುರುಕು ಮುಟ್ಟಿಸಬೇಕಿತ್ತು. ನಿಕೋಟಿನ್ನನ್ನು ಆಮ್ಲದ ಜೊತೆ ಕೂಡಿಸಿ ಲವಣ ಮಾಡಿರುವುದರಿಂದ ಅದು ನಯವಾಗಿ ಒಳಗಿಳಿಯುತ್ತದೆ. ಇದೂ ಆ ಮುದ್ರಿತ ಅಂಕಿಯನ್ನು ನಂಬಿದರೆ. ಕದ್ದು ಬಂದ ಮಾಲಿನ ಡಬ್ಬಿಯ ಮೇಲಿನ ಅಂಕಿಗೆ ಯಾರು ಹೊಣೆ?

ಆ ಸಂಜೆ ಇನ್ನೊಂದನ್ನೂ ನೋಡಿದೆ. ಸಿಗರೇಟಿಗೆ ಒಂದು ಕೊನೆ ಇದೆ. ಹತ್ತು ಹನ್ನೆರಡು ದಮ್ಮಿಗೆ ಬೆರಳು ಸುಡುತ್ತದೆ, ಎಸೆಯಬೇಕು. ಇದಕ್ಕೆ ಕೊನೆ ಎಂಬುದಿಲ್ಲ. ಮಾತಿನ ನಡುವೆ, ಮೊಬೈಲು ನೋಡುವಾಗ, ನಗುವಾಗ, ಗೆಳೆಯ ಅದನ್ನು ತುಟಿಗೆ ಒಯ್ಯುತ್ತಲೇ ಇದ್ದ. ಒಂಬತ್ತು ಗಂಟೆಗೆ ಟೀ ಕುಡಿಯಲು ಕೆಳಗಿಳಿದಾಗ ಗೂಡಂಗಡಿಯಲ್ಲಿ ‘ಒಂದು ಲೈಟ್ಸ್ ಕೊಡಿ ಅಣ್ಣ’ ಎಂದ. ‘ದಿನಕ್ಕೆ ಹತ್ತಿತ್ತು, ಈಗ ಮೂರೇ’ ಎಂದು ನನಗೆ ವಿವರಿಸಿದ. ಈ ‘ಮೂರೇ’ ಎಂಬ ಸಮಾಧಾನ ಅಪಾಯಕಾರಿ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಇಪ್ಪತ್ತು ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೋ ಅದರ ಸುಮಾರು ಅರ್ಧ, ದಿನಕ್ಕೆ ಒಂದೇ ಒಂದು ಸೇದುವವರಿಗೂ ಇದೆ. ಹೃದಯ ನಮ್ಮ ಹಾಗೆ ಭಾಗಾಕಾರ ಮಾಡುವುದಿಲ್ಲ. ಮೇಜಿನಲ್ಲಿ ಕೊಳವೆ, ಟೀ ಜೊತೆ ಸಿಗರೇಟು ಎಂಬ ಈ ಜೋಡಿ ಬದುಕನ್ನು ‘ಬಿಡುವ ದಾರಿ’ ಎಂದು ಕರೆಯಲಾರೆ.

ಇಲ್ಲಿ ನನ್ನ ಪಕ್ಷದವರ ಜೊತೆಗೇ ಜಗಳ ಆಡಬೇಕಿದೆ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ನಿಷೇಧವನ್ನು ಬೆಂಬಲಿಸಿ ಬರೆಯುವ ವೈದ್ಯಮಿತ್ರರು ಒಂದು ಸಾಲನ್ನು ತಪ್ಪದೆ ಬರೆಯುತ್ತಾರೆ: ಇ-ಸಿಗರೇಟು ಸಿಗರೇಟಿನಷ್ಟೇ ಕೆಟ್ಟದ್ದು, ಇನ್ನೂ ಕೆಟ್ಟದ್ದು. ಇದು ಸುಳ್ಳು. ತಂಬಾಕು ಉರಿದಾಗ ಹುಟ್ಟುವ ಟಾರು, ಕಾರ್ಬನ್ ಮಾನಾಕ್ಸೈಡು ಇಲ್ಲಿ ಹುಟ್ಟುವುದಿಲ್ಲ, ಏಕೆಂದರೆ ಇಲ್ಲಿ ತಂಬಾಕು ಉರಿಯುವುದೇ ಇಲ್ಲ. ‘ಇನ್ನೂ ಕೆಟ್ಟದ್ದು’ ಎಂಬುದಕ್ಕೆ ಸಾಕ್ಷಿಯಾಗಿ ವೈದ್ಯಮಿತ್ರರು ಕೊಡುವ ಅಮೆರಿಕದ ಶ್ವಾಸಕೋಶದ ಪ್ರಕರಣಗಳನ್ನು ನೋಡಿ. 2020ರ ಫೆಬ್ರವರಿ ಹೊತ್ತಿಗೆ ಅಲ್ಲಿ 2,807 ಜನ ಆಸ್ಪತ್ರೆ ಸೇರಿದರು, ಇಲ್ಲವೇ ಸತ್ತರು, ಸತ್ತವರೇ 68. ಘೋರವಾದದ್ದೇ. ಆದರೆ ಬಹುಪಾಲು ಪ್ರಕರಣಗಳಲ್ಲಿ ಕೊಳವೆಯೊಳಗಿದ್ದದ್ದು ಗಾಂಜಾದ ಸಾರ, ಅದಕ್ಕೆ ಕಲಬೆರಕೆ ಮಾಡಿದ್ದು ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತು. ಅದನ್ನು ನಿಕೋಟಿನ್ನಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆ ದುರಂತದಿಂದ ಕಲಿಯಬೇಕಾದ ಪಾಠ ಬೇರೆ: ಹೆಸರಿಲ್ಲದವರು ಕದ್ದುಮುಚ್ಚಿ ತುಂಬಿದ್ದನ್ನು ಶ್ವಾಸಕೋಶಕ್ಕೆ ಎಳೆದುಕೊಂಡರೆ ಏನಾಗಬಹುದು ಎಂಬುದು. ಬಿಟಿಎಂನ ಆ ಗುಲಾಬಿ ಕೊಳವೆಗೆ ಅನ್ವಯಿಸುವುದು ಇದೇ ಪಾಠ, ಮತ್ತು ನಮ್ಮ ವೈದ್ಯಮಿತ್ರರು ಹೇಳದೇ ಬಿಡುವುದೂ ಇದನ್ನೇ.

ಉತ್ಪ್ರೇಕ್ಷೆಗೆ ಬೆಲೆ ತೆರುವವರು ಓದುಗರು. ಇಂಗ್ಲಿಷ್ ಓದಬಲ್ಲ ಹುಡುಗ ಹತ್ತು ನಿಮಿಷ ಹುಡುಕಿದರೆ ವೈದ್ಯರು ದೊಡ್ಡದು ಮಾಡಿ ಹೇಳಿದ್ದಾರೆ ಎಂದು ತಿಳಿದುಕೊಳ್ಳುತ್ತಾನೆ. ಆ ಮೇಲೆ ಅವರು ಹೇಳುವ ನಿಜವನ್ನೂ ನಂಬುವುದಿಲ್ಲ.

ಇನ್ನೊಂದು ಗುಂಪಿನವರ ವಾದ ಹೀಗಿದೆ: ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಬೆಳೆಸಿ ಹರಾಜು ಹಾಕಿಸುವ ಸರ್ಕಾರ, ಮೂಲೆಮೂಲೆಯ ಅಂಗಡಿಯಲ್ಲಿ ಸಿಗರೇಟು ಮಾರಲು ಬಿಟ್ಟ ಸರ್ಕಾರ, ಇದನ್ನು ಮಾತ್ರ ಏಕೆ ನಿಷೇಧಿಸಿತು? ಪ್ರಶ್ನೆ ನ್ಯಾಯವಾದದ್ದು. ಹೆಚ್ಚು ಕೊಲ್ಲುವುದನ್ನು ಅಂಗಡಿಯಲ್ಲಿಟ್ಟು ಕಡಿಮೆ ಕೊಲ್ಲುವುದನ್ನು ತೆಗೆದುಹಾಕಿದ ನೀತಿಗೆ ನನ್ನಲ್ಲೂ ಸಮರ್ಥನೆಯಿಲ್ಲ. ಆದರೆ ಸರ್ಕಾರದ ಇಬ್ಬಂದಿತನದಿಂದ ನಿಮ್ಮ ಕೈಯಲ್ಲಿರುವ ದ್ರವ ಶುದ್ಧವಾಗುವುದಿಲ್ಲ. ನೀತಿಯ ಮೇಲಿನ ಸಿಟ್ಟನ್ನು ಶ್ವಾಸಕೋಶದಲ್ಲಿ ತೀರಿಸಿಕೊಳ್ಳುವುದು ಯಾವ ಪ್ರತಿಭಟನೆ? ಪ್ರತಿಭಟಿಸಬೇಕಾದದ್ದು ಬೇರೆ ಇದೆ: ಒಂದು ಸಾಧನವನ್ನು ಕಿತ್ತುಕೊಂಡ ಸರ್ಕಾರ, ಅದರ ಬದಲಿಗೆ ಎದುರಿನ ಕುರ್ಚಿಯನ್ನು ಪ್ರತಿ ಬಡಾವಣೆಯಲ್ಲೂ ಹಾಕಬೇಕಿತ್ತು.

ಆ ಕುರ್ಚಿ ನಮ್ಮೂರಿನಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕೇಂದ್ರ ಸರ್ಕಾರ ದೇಶದಲ್ಲಿ 13 ತಂಬಾಕು ಬಿಡಿಸುವ ಕ್ಲಿನಿಕ್ಕುಗಳನ್ನು ತೆರೆದಾಗ ಬೆಂಗಳೂರಿನ ನಿಮ್ಹಾನ್ಸ್‌ಗೂ ಒಂದು ಬಂತು. ಜಯನಗರದಿಂದ ಆಟೋದಲ್ಲಿ ಹೋಗಿಬರುವ ದೂರ. 2018ರ ಸೆಪ್ಟೆಂಬರಿನಿಂದ ಸಿಗರೇಟು ಪ್ಯಾಕಿನ ಮೇಲೇ 1800-11-2356 ಎಂಬ ಉಚಿತ ಸಂಖ್ಯೆ ಅಚ್ಚಾಗುತ್ತಿದೆ. ದಕ್ಷಿಣದ ಭಾಷೆಗಳ ಕರೆಗಳಿಗೆ ನಿಮ್ಹಾನ್ಸ್‌ನಲ್ಲಿ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ದಿನಕ್ಕೆ ಹತ್ತು ಸಲ ಆ ಪ್ಯಾಕು ತೆಗೆಯುವವರು ಆ ಸಂಖ್ಯೆಯನ್ನು ಓದಿಯೇ ಇರುವುದಿಲ್ಲ. ನಾನೂ ಓದಿರಲಿಲ್ಲ.

ಗಮ್ಮಿಗೆ ಬಂದಿರುವ ಕೆಟ್ಟ ಹೆಸರಿನ ಮೂಲವೂ ಆ ಕುರ್ಚಿ ಇಲ್ಲದ್ದರಲ್ಲೇ ಇದೆ. ‘ಅದೆಲ್ಲ ಕೆಲಸ ಮಾಡಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಸಲ ನಾನೂ ಹಾಗೇ ಹೇಳಿದೆ. ಬನಶಂಕರಿಯ ಒಂದು ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಮಿನ ಗಮ್ ಕೇಳಿದೆ, ಚೀಟಿ ಬೇಡವಾದ್ದರಿಂದ ಮಾತಿಲ್ಲದೆ ಕೊಟ್ಟರು. ದರ್ಶಿನಿಯಲ್ಲಿ ಕಾಫಿ ಹೀರುತ್ತಾ ಪೆಪ್ಪರ್‌ಮಿಂಟಿನಂತೆ ಜಗಿದೆ. ಬಿಕ್ಕಳಿಕೆ ಬಂತು, ಹೊಟ್ಟೆ ತೊಳಸಿತು, ಸಿಗರೇಟಿನ ಆಸೆ ಕದಲಲಿಲ್ಲ. ನಾಲ್ಕನೇ ದಿನ ಗೂಡಂಗಡಿಗೆ ವಾಪಸ್.

ತಪ್ಪು ಎಲ್ಲಿತ್ತೆಂದು ಮುಂದೆ ಒಬ್ಬ ಆಪ್ತಸಮಾಲೋಚಕಿ ಎದುರು ಕೂರಿಸಿಕೊಂಡು ತೋರಿಸಿದರು. ನಿಧಾನಕ್ಕೆ ಕಚ್ಚಬೇಕು, ಮೆಣಸಿನ ಚುರುಕು ಬಂದ ಕೂಡಲೇ ನಿಲ್ಲಿಸಿ ಕೆನ್ನೆಯ ಒಳಗೆ, ಒಸಡಿನ ಪಕ್ಕ ಒತ್ತರಿಸಿ ಇಡಬೇಕು. ಚುರುಕು ಇಳಿದ ಮೇಲೆ ಮತ್ತೆ ಕಚ್ಚಬೇಕು. ಅರ್ಧ ಗಂಟೆ ಹೀಗೆ. ನಿಕೋಟಿನ್ ಇಳಿಯುವುದು ಬಾಯಿಯ ಒಳಚರ್ಮದಿಂದ, ನುಂಗಿದರೆ ಹೊಟ್ಟೆಗೆ ಹೋಗಿ ಸಂಕಟ ಮಾತ್ರ. ಕಾಫಿ ಬಾಯಿಯನ್ನು ಹುಳಿ ಮಾಡುತ್ತದೆ, ಹುಳಿಯಲ್ಲಿ ನಿಕೋಟಿನ್ ಒಳಗಿಳಿಯುವುದಿಲ್ಲ. ಆದ್ದರಿಂದ ಗಮ್ಮಿಗೆ ಕಾಲು ಗಂಟೆ ಮೊದಲಿನಿಂದ ಕಾಫಿ ಬೇಡ. ಕಾಫಿಯ ಜೊತೆಗೇ ಸಿಗರೇಟು ಕಲಿತ ದಕ್ಷಿಣ ಬೆಂಗಳೂರಿನವನಿಗೆ ಈ ಒಂದು ಮಾತು ಇಡೀ ಚಿಕಿತ್ಸೆಗೆ ಸಮ. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಗಮ್ಮಿನದು ಇಪ್ಪತ್ತು ಮೂವತ್ತು ನಿಮಿಷಕ್ಕೆ ಏರುತ್ತದೆ ಎಂದೂ ಅವರೇ ಹೇಳಿದರು. ಆಸೆ ಬಂದ ಮೇಲೆ ಹಾಕಿದರೆ ತಡವಾಯಿತು, ಬರುವ ಹೊತ್ತು ತಿಳಿದು ಮೊದಲೇ ಹಾಕಬೇಕು. ಗಮ್ ಅದೇ, ಬಾಯಿ ಅದೇ. ಬದಲಾದದ್ದು ಒಬ್ಬರು ಎದುರು ಕೂತದ್ದು.

ಈಗ ಯಾರಾದರೂ ‘ಮೊದಲು ಯಾವುದು ತಗೊಳ್ಳಲಿ’ ಎಂದರೆ, ಆ ಸಮಾಲೋಚಕಿ ನನ್ನನ್ನು ಮೊದಲು ಕೇಳಿದ್ದನ್ನೇ ಕೇಳುತ್ತೇನೆ: ‘ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು?’ ಅರ್ಧ ಗಂಟೆಯೊಳಗೆ ಎಂದಾದರೆ 2 ಮಿಲಿಗ್ರಾಂ ಸಾಲದು, 4 ಬೇಕು, ಅದಕ್ಕೆ ವೈದ್ಯರ ಚೀಟಿ ಬೇಕು, ಚೀಟಿಗಾಗಿ ಹೋದರೆ ಆ ಕುರ್ಚಿ ಸಿಗುತ್ತದೆ. ಹೋದ ವಾರ ಜೆ.ಪಿ. ನಗರದ ಹುಡುಗನೊಬ್ಬ ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಯೋಚಿಸಿ, ‘ಹಲ್ಲುಜ್ಜೋಕೂ ಮುಂಚೆ’ ಎಂದ. ಜೇಬಿನಿಂದ ಪ್ಯಾಕು ತೆಗೆಸಿ ಸಂಖ್ಯೆ ತೋರಿಸಿದೆ.